ಮೇಲಿನ ಹಲಗೆಯ ಐದು ಅಂಗಿ

ಇಸ್ಮಾಯಿಲಿಯಾ
2 ನವೆಂಬರ್ 1951

ಬಯೂಮಿಗೆ ಮೆತ್ವಲ್ಲಿಯ ಸಲಾಮು.

ನೀನು ರೈಲು ಹತ್ತಿದ ಆ ಒಂದು ಮಧ್ಯಾಹ್ನಕ್ಕೆ ನಮ್ಮ ಬೀದಿ ತೆತ್ತದ್ದು ಇಷ್ಟು: ಹೂವಿನ ಹಾರ ಮೂರು. ತುತ್ತೂರಿ ಎರಡು, ಅದರಲ್ಲೊಂದು ಊದುತ್ತಿರುವಾಗಲೇ ಕೆಟ್ಟಿತು. ಹಾಜಿ ಶೆಹಾತಾರ ಅಂಗಡಿಯ ಒಂದು ಹಂಡೆ ಬೇಯಿಸಿದ ಫೂಲ್ ಕಾಳು, ಬಂದವರಿಗೆಲ್ಲ ಪುಕ್ಕಟೆ. ಕ್ಷೌರಿಕ ಫರ್ಗಲಿಯ ಗಂಟಲು. ಘೋಷಣೆ ಕೂಗಿ ಬಿದ್ದುಹೋದದ್ದು ಆರು ದಿನವಾದರೂ ಎದ್ದಿಲ್ಲ, ಅವನ ಗಿರಾಕಿಗಳು ಸುಖವಾಗಿದ್ದಾರೆ. ನಿಮ್ಮ ಅಮ್ಮನ ಕಣ್ಣೀರು, ಅಳತೆಗೆ ಸಿಗಲಿಲ್ಲ. ಕೊನೆಯದಾಗಿ, ನಿನಗೆ ದೃಷ್ಟಿ ತಾಗದಿರಲಿ ಎಂದು ಹಾಜಿಯವರ ಮಗಳು ನಬವಿಯ್ಯಾ ಚಾವಣಿಯಿಂದ ಎರಚಿದ ಒಂದು ಹಿಡಿ ಉಪ್ಪು. ಅದರಲ್ಲಿ ಎರಡು ಹರಳು ನನ್ನ ಕಣ್ಣಿಗೆ ಬಿದ್ದವು. ಸರಿಯಾದ ಕಣ್ಣಿಗೇ ಬಿದ್ದವು ಅನ್ನು.

ಒಂದು ಪ್ರಶ್ನೆಯನ್ನು ಅವತ್ತು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ನೀನು ಒಂಬತ್ತು ವರ್ಷ ಇಂಗ್ಲಿಷರ ಕ್ಯಾಂಪಿನಲ್ಲಿ ಅವರ ಚಡ್ಡಿಗೆ ಇಸ್ತ್ರಿ ಹಾಕಿದೆ. ಅಕ್ಟೋಬರಿನಲ್ಲಿ ಸರ್ಕಾರ ಇಂಗ್ಲಿಷರ ಜೊತೆಗಿನ ಒಪ್ಪಂದ ಹರಿದು, ‘ಕ್ಯಾಂಪಿನ ಕೆಲಸ ಬಿಟ್ಟು ಬನ್ನಿ, ಕೈರೋದಲ್ಲಿ ನೌಕರಿ ಕೊಡುತ್ತೇವೆ’ ಅಂದಿತು. ನೀನು ಬಿಟ್ಟೆ, ದೇಶಭಕ್ತನಾದೆ. ನಾನು ಇದೇ ಬೀದಿಯ ಇಸ್ತ್ರಿ ಅಂಗಡಿಯವನು, ಹುಟ್ಟಿದಾಗಿನಿಂದ ಅವರ ಒಂದು ಕರವಸ್ತ್ರವನ್ನೂ ಮುಟ್ಟಿದವನಲ್ಲ. ನನಗೆ ಯಾಕೆ ಒಂದು ಎಸಳೂ ಬರಲಿಲ್ಲ? ಫರ್ಗಲಿಯನ್ನು ಕೇಳಿದೆ.

“ನೀನು ಏನು ಬಿಟ್ಟೆ, ಉಸ್ತಾ?” ಅಂದ, ಕಸುಬಿನವನಿಗೆ ಕೊಡುವ ಮರ್ಯಾದೆ ಮಾತ್ರ ಬಿಡದೆ.

“ನಾನು ಹಿಡಿದೇ ಇರಲಿಲ್ಲವಲ್ಲಯ್ಯಾ.”

“ಹಂಗಾದ್ರೆ ಸುಮ್ನೆ ಚಪ್ಪಾಳೆ ತಟ್ಟು.”

ತಟ್ಟಿದೆ. ಅದನ್ನೂ ಲೆಕ್ಕಕ್ಕೆ ಸೇರಿಸಿಕೋ.

ನಿನ್ನ ಗಂಟು ಮೇಲಿನ ಹಲಗೆಯ ಮೇಲೆ ಇದ್ದ ಹಾಗೇ ಇದೆ. ಒಪ್ಪಂದ ಹರಿಯುವ ಮೊದಲಿನ ಆ ಶುಕ್ರವಾರ ನನ್ನ ಮೇಜಿನ ಮೇಲೆ, ನಿನ್ನ ಇಸ್ತ್ರಿಯಲ್ಲಿ, ಕ್ಯಾಂಪಿನ ಕ್ಯಾಪ್ಟನ್ನನಿಗಾಗಿ ಖಾಸಗಿಯಾಗಿ ಮಾಡಿಟ್ಟೆಯಲ್ಲ, ಆ ಐದು ಖಾಕಿ ಅಂಗಿ. ಒಯ್ಯಲು ಯಾರೂ ಬರಲಿಲ್ಲ. ನನ್ನ ಪುಸ್ತಕದಲ್ಲಿ ಬಂದ ದಿನ ಬರೆದಿದೆ, ಹೋದ ದಿನ ಖಾಲಿ ಇದೆ. ಬೇರೆ ಗಂಟುಗಳ ಹಾಗೆ ಅದಕ್ಕೂ ಧೂಳು ಕೂತರೆ ಹೊಸ ಪತ್ರಿಕೆ ಸುತ್ತುತ್ತೇನೆ. ಯಾರ ಬಟ್ಟೆಯಾದರೂ ನನ್ನ ಅಂಗಡಿಯ ಪದ್ಧತಿ ನಿನಗೆ ಗೊತ್ತು.

ಮೆತ್ವಲ್ಲಿ


ಕೈರೋ
10 ನವೆಂಬರ್ 1951

ಪ್ರಿಯ ಮೆತ್ವಲ್ಲಿ,

ನಿನ್ನ ಕಾಗದ ಓದಿ ಕಚೇರಿಯಲ್ಲೇ ನಕ್ಕೆ. ಯಾರೂ ತಿರುಗಿ ನೋಡಲಿಲ್ಲ, ಯಾಕೆಂದರೆ ಇಲ್ಲಿ ಯಾರಿಗೂ ಕೆಲಸವಿಲ್ಲ. ಕ್ಯಾಂಪ್ ಬಿಟ್ಟು ಬಂದ ನಮ್ಮ ಹದಿನೇಳು ಮಂದಿಗೆ ಒಂದು ಕೋಣೆ, ಹನ್ನೊಂದು ಕುರ್ಚಿ. ನಾನು ಬೇಗ ಹೋಗುತ್ತೇನೆ, ಆದ್ದರಿಂದ ನನಗೆ ಕುರ್ಚಿ ಇದೆ. ಫೈಲು ಮಾತ್ರ ಇನ್ನೂ ಒಂದೂ ಬಂದಿಲ್ಲ. ಕೂತಲ್ಲಿಯೇ ನನ್ನ ಬಲಗಾಲು ನೆಲವನ್ನು ಒತ್ತುತ್ತಿರುತ್ತದೆ. ಒಂಬತ್ತು ವರ್ಷ ಪಾದದಿಂದ ಒತ್ತಿ ತಳ್ಳುವ ಕಾಲಿಸ್ತ್ರಿಯ ಮೇಲೆ ನಿಂತ ಕಾಲು, ಅದಕ್ಕೆ ನಾನು ದೇಶಭಕ್ತನಾದ ಸುದ್ದಿ ಇನ್ನೂ ಮುಟ್ಟಿಲ್ಲ. ನಿನ್ನ ಬಾಯಲ್ಲಿ ನೀರು ತುಂಬಿ ಬಟ್ಟೆಯ ಮೇಲೆ ಉಗ್ಗುವ ಸದ್ದು ನೆನಪಾದಾಗ ಹೊಟ್ಟೆ ಉರಿಯುತ್ತದೆ. ನೀನು ನನ್ನ ಹಾರಕ್ಕೆ ಉರಿದುಕೋ, ನಾನು ನಿನ್ನ ಇದ್ದಿಲಿಗೆ ಉರಿದುಕೊಳ್ಳುತ್ತೇನೆ.

ಇನ್ನೊಂದಕ್ಕೂ. ನಬವಿಯ್ಯಾ ದಿನಾ ನಿನ್ನ ಅಂಗಡಿಯ ಮುಂದೆ ನೀರಿಗೆ ಹೋಗುತ್ತಾಳೆ. ಅವಳ ಬಗ್ಗೆ ಬರೆ. ಆದರೆ ತೀರಾ ಚೆನ್ನಾಗಿ ಬರೆಯಬೇಡ.

ಅಂಗಿಗಳನ್ನು ಎಸೆಯಬೇಡ. ಕ್ಯಾಪ್ಟನ್ ಶತ್ರುವೇ ಇರಲಿ, ನಮ್ಮ ಕೈಗೆ ಬಂದ ಬಟ್ಟೆ ಅಮಾನತ್ತು, ನಂಬಿ ಒಪ್ಪಿಸಿದ ಸೊತ್ತು. ನಮ್ಮಿಬ್ಬರ ಕೈಗೂ ಇಸ್ತ್ರಿ ಕೊಟ್ಟ ಉಸ್ತಾದರು ಕಲಿಸಿದ್ದು ಅದನ್ನೇ.

ನಮ್ಮ ಮೇಲ್ವಿಚಾರಕ ಶೌಕಿ ಎಫೆಂದಿ ಒಳ್ಳೆಯವರು. ಅವರ ಮನೆಯ ಕೆಳಗಿನ ಕೋಣೆ ನನಗೆ ಕೊಟ್ಟಿದ್ದಾರೆ. ಊಟವೂ ಅಲ್ಲೇ. ಇಪ್ಪತ್ಮೂರನೇ ತಾರೀಖು ಶುಕ್ರವಾರ ಊರಿಗೆ ಬರುತ್ತೇನೆ. ಹೊಸ ಸೂಟು ಹೊಲಿಸಿದ್ದೇನೆ. ಅದಕ್ಕೆ ನಿನ್ನ ಮೇಜು ಬೇಕು.

ಬಯೂಮಿ


ಇಸ್ಮಾಯಿಲಿಯಾ
27 ನವೆಂಬರ್ 1951

ಬಯೂಮಿ ಎಫೆಂದಿಯವರ ಸನ್ನಿಧಿಗೆ,

ಸೂಟು, ಕೆಂಪು ತರ್ಬೂಷು ಟೊಪ್ಪಿ, ಕೈಯಲ್ಲಿ ಕೈರೋ ಮಿಠಾಯಿಯ ಡಬ್ಬಿ, ಥೇಟು ಕಚೇರಿ ಸಾಹೇಬ. ನನ್ನ ಅಂಗಡಿಯ ಬಾಗಿಲು ಹಾಕಿಕೊಂಡು ನೀನು ಸೂಟಿಗೆ ಇಸ್ತ್ರಿ ಹಾಕುತ್ತಿದ್ದಾಗ, ಹೊಗೆ ಕಂಡು ಬೀದಿಯೆಲ್ಲ ಕೇಳಿತು: “ಶುಕ್ರವಾರ ಮೆತ್ವಲ್ಲಿ ಅಂಗಡಿ ತೆಗೆದನಾ?” “ಇಲ್ಲ, ಎಫೆಂದಿ ಬಂದಿದ್ದಾರೆ” ಅಂದೆ. ಅನ್ನುವಾಗ ನಾಲಿಗೆ ಸ್ವಲ್ಪ ಕಹಿಯಾಯಿತು.

ಹಾಜಿಯವರ ಮನೆಯಲ್ಲಿ ನೀನು ಎರಡು ತಾಸು ಕೂತೆ. ಹೊರಗಿನ ಬೆಂಚಿನಲ್ಲಿ ಕೂತು ನಾನು ಎಣಿಸಿದ್ದೇನೆ. ಒಳಗಿನಿಂದ ಅವಳ ನಗು ಏಳು ಸಲ ಕೇಳಿತು. ಎರಡು ವರ್ಷ ಅವರಪ್ಪನ ನಿಲುವಂಗಿಗೆ ಒಂದು ಮಡಿಕೆ ತಪ್ಪದ ಹಾಗೆ ಇಸ್ತ್ರಿ ಹಾಕಿದವನು ನಾನು. ಆಗಸ್ಟಿನಲ್ಲಿ ನಾನು ಬಾಯಿ ಬಿಡಬೇಕು ಅಂದುಕೊಂಡ ವಾರಕ್ಕೆ ಒಂದು ವಾರ ಮೊದಲು ಹೋಗಿ ಫಾತಿಹಾ ಓದಿ ನಿಶ್ಚಯ ಮಾಡಿಕೊಂಡು ಬಂದವನು ನೀನು. ನನಗೆ ಒಂದು ಮಾತು ಹೇಳಿದ್ದರೆ ಅಂತ ಅವತ್ತೂ ಕೇಳಲಿಲ್ಲ, ಇವತ್ತೂ ಕೇಳುತ್ತಿಲ್ಲ. ಬರೆದೆ ಅಷ್ಟೆ.

ಇಲ್ಲಿ ಈಗ ಬೈಗುಳದ ಹಂಗಾಮು. ಫರ್ಗಲಿ ತೋಳಿಗೆ ಪಟ್ಟಿ ಕಟ್ಟಿಕೊಂಡು ಬೀದಿ ಸಮಿತಿಯ ಮುಖಂಡನಾಗಿದ್ದಾನೆ. ಕಾಫಿ ಅಂಗಡಿಯಲ್ಲಿ ಮಾತುಗಳಿಗೆ ದರ್ಜೆ ಬಂದಿದೆ. ‘ಇಂಗ್ಲಿಷರ ಬಾಲ’ ಅನ್ನಿಸಿಕೊಂಡವನು ಕೂರಬಹುದು, ಬೇರೆಯವರ ಹುಕ್ಕಾ ಕೇಳುವಂತಿಲ್ಲ. ‘ಏಜೆಂಟ’ ಅನ್ನಿಸಿಕೊಂಡವನಿಗೆ ಬಾಗಿಲ ಪಕ್ಕದ ಮುರುಕು ಕುರ್ಚಿ. ‘ದೇಶದ್ರೋಹಿ’ ಅಂದರೆ ಕುರ್ಚಿಯೇ ಇಲ್ಲ, ಅವನ ಮನೆ ಬಾಗಿಲಿಗೆ ಡಾಂಬರಿನಲ್ಲಿ ಬರೆಯುತ್ತಾರೆ. ಮೊದಮೊದಲು ಜನ ನೋಡಿಕೊಂಡು ಅನ್ನುತ್ತಿದ್ದರು. ಈಗ ಹಾಲಿಗೆ ನೀರು ಹಾಕಿದವನು ದೇಶದ್ರೋಹಿ, ಪಗಡೆಯಲ್ಲಿ ಮೂರು ಸಲ ಗೆದ್ದವನು ಏಜೆಂಟ. ನಿನ್ನೆ ಫರ್ಗಲಿ ತನ್ನ ಕತ್ತರಿಗೇ ಅಂದ, ಕೂದಲು ಎಳೆಯಿತಂತೆ.

ಮೆತ್ವಲ್ಲಿ


ಇಸ್ಮಾಯಿಲಿಯಾ
5 ಡಿಸೆಂಬರ್ 1951

ಬಯೂಮಿ,

ಇದನ್ನು ಕೂತು ಓದು. ನಿನಗೆ ಕುರ್ಚಿ ಇದೆಯಲ್ಲ.

ನಿನ್ನೆ ಬೆಳಿಗ್ಗೆ ಸಮಿತಿಯವರು ಇಂಗ್ಲಿಷ್ ಸಾಮಾನು ಹುಡುಕುತ್ತ ಅಂಗಡಿ ಅಂಗಡಿಗೆ ಬಂದರು. ನನ್ನಲ್ಲಿ ಮೇಲಿನ ಹಲಗೆಗೆ ಏಣಿ ಹಾಕಿದರು. ಐದು ಅಂಗಿ ಕೆಳಗೆ ಬಂದವು. ಕಾಲರಿನ ಒಳಗೆ ನಿನ್ನ ಗುರುತು, ನೀಲಿ ಮಸಿಯ ಮೂರು ಚುಕ್ಕೆ, ಇಡೀ ಬೀದಿಗೆ ಗೊತ್ತಿರುವುದು. ಆಮೇಲೆ ಫರ್ಗಲಿ ಸುತ್ತಿದ್ದ ಪತ್ರಿಕೆಯನ್ನು ಬಿಡಿಸಿ ಗಟ್ಟಿಯಾಗಿ ಓದಿದ: ನವೆಂಬರ್ 21.

“ಶುಕ್ರವಾರ ಬಾಗಿಲು ಹಾಕ್ಕೊಂಡು ಹೊಗೆ ಎಬ್ಬಿಸಿದ್ದು ಇದಕ್ಕಾ! ಕೈರೋದಲ್ಲಿ ಸರ್ಕಾರದ ಸಂಬಳ, ಇಲ್ಲಿ ಬಂದು ಇಂಗ್ಲಿಷರ ಅಂಗಿ! ನಾನು ಇವನಿಗಾಗಿ ಗಂಟಲು ಹರ್ಕೊಂಡೆ!” ಅಂದ. ಅವನ ಕಣ್ಣಲ್ಲಿ ನೀರೇ ಬಂತು. ಪಾಪ, ಅವನು ನಟಿಸುವವನಲ್ಲ, ಓದಿದ್ದನ್ನೆಲ್ಲ ನಂಬುವವನು.

ನಾನು ಏನೂ ಅನ್ನಲಿಲ್ಲ. ನಿನ್ನ ವಿರುದ್ಧ ಒಂದು ಶಬ್ದವೂ ನನ್ನ ಬಾಯಿಂದ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಿಮ್ಮ ಅಮ್ಮನ ಬಾಗಿಲಿಗೆ ಡಾಂಬರು ಬಿತ್ತು. ಅವರಿಗೆ ಓದಲು ಬರುವುದಿಲ್ಲ, ‘ಏನಂತ ಬರೆದಿದಾರಪ್ಪ?’ ಎಂದು ನನ್ನನ್ನೇ ಕೇಳಿದರು. ಸಂಜೆ ಹಾಜಿ ಶೆಹಾತಾ ನೀನು ಕೊಟ್ಟಿದ್ದ ಚಿನ್ನದ ಬಳೆಯನ್ನು ಅಮ್ಮನ ಮಡಿಲಲ್ಲಿಟ್ಟು ನಿಶ್ಚಯ ಮುರಿದರು. ದೇಶದ್ರೋಹಿಗೆ ಮಗಳನ್ನು ಕೊಡುವುದಿಲ್ಲ ಅಂದರು. ನೀನು ಈಗ ಈ ಕಡೆ ಬರಬೇಡ.

ಮೆತ್ವಲ್ಲಿ


ಕೈರೋ
9 ಡಿಸೆಂಬರ್ 1951

ಮೆತ್ವಲ್ಲಿ,

ಆ ಗಂಟನ್ನು ಸುತ್ತಿದವನು ನಾನು. ಅಕ್ಟೋಬರ್ ಮೊದಲ ವಾರದ ಪತ್ರಿಕೆ. ಸೋಪಿನ ಜಾಹೀರಾತಿನ ಹೆಂಗಸಿನ ಮುಖ ಒಳಗೆ ಹೋಗಲಿ ಎಂದು ತಿರುಗಿಸಿ ಸುತ್ತಿದ್ದು ನೆನಪಿದೆ. ಅದು ನವೆಂಬರ್ 21 ಆದದ್ದು ಹೇಗೆ? ಕಾಗದ ಬದಲಾಯಿಸಿದ್ದು ಯಾರು? ನೀನೇ ತಾನೆ, ಧೂಳು ಕೂತಿತು ಅಂತ?

ಹಾಗಿದ್ದರೆ ಕೋಪವಿಲ್ಲ. ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಅದನ್ನು ಹೇಳಬೇಕಲ್ಲವೇನೋ! ನಿನ್ನ ಪುಸ್ತಕ ತೆಗೆದು ಫರ್ಗಲಿಯ ಮೂಗಿನ ಕೆಳಗೆ ಹಿಡಿ. ಅಂಗಿ ಬಂದ ದಿನ ಅಕ್ಟೋಬರ್ 5. ಒಪ್ಪಂದ ಹರಿಯುವ ಮೊದಲು. ಆ ಒಂದು ಸಾಲು ತೋರಿಸಿದರೆ ಅಮ್ಮನ ಬಾಗಿಲು ಶುದ್ಧವಾಗುತ್ತದೆ, ನಾನು ಊರಿಗೆ ಬರಬಹುದು, ಮದುವೆ ನಡೆಯುತ್ತದೆ. ನನ್ನ ಹೆಸರು ನಿನ್ನ ಗಲ್ಲಾಪೆಟ್ಟಿಗೆಯ ಕೆಳಗೆ, ಆ ಮರದ ಮೇಜಿನ ಖಾನೆಯಲ್ಲಿರುವ ಪುಸ್ತಕದಲ್ಲಿದೆ. ನನ್ನ ಮಾತನ್ನು ಅಲ್ಲಿ ಯಾರೂ ನಂಬುವುದಿಲ್ಲ, ನಿನ್ನ ಪುಸ್ತಕವನ್ನು ಎಲ್ಲರೂ ನಂಬುತ್ತಾರೆ.

ಇವತ್ತೇ ಮಾಡು.

ಬಯೂಮಿ


ಇಸ್ಮಾಯಿಲಿಯಾ
23 ಡಿಸೆಂಬರ್ 1951

ಬಯೂಮಿಗೆ,

ಉತ್ತರ ತಡವಾಯಿತು. ಒಂದು ವಾರ ಇದ್ದಿಲು ಹಸಿ, ಹೊಗೆಗೆ ಕಣ್ಣು ಬಿಡಲಾಗಲಿಲ್ಲ. ಆಮೇಲೆ ರೈಲಿನಲ್ಲಿ ಇಂಗ್ಲಿಷರ ತಪಾಸಣೆ, ಅಂಚೆ ನಿಂತಿತ್ತು. ಕಾಲುವೆಯ ಆಚೆ ಗುಂಡಿನ ಸದ್ದು ಈಗ ದಿನವೂ.

ಪುಸ್ತಕದ ವಿಷಯ. ತೋರಿಸಬಹುದು. ಆದರೆ ಜನ ಈಗ ಬಿಸಿಯಲ್ಲಿದ್ದಾರೆ. ಬಿಸಿ ಇಸ್ತ್ರಿಯನ್ನು ರೇಷ್ಮೆಯ ಮೇಲೆ ಇಡುತ್ತೇವೆಯೇ? ಸ್ವಲ್ಪ ಆರಲಿ. ನನಗೂ ಒಂದು ಅಂಗಡಿ ಇದೆ, ಬಾಗಿಲು ಇದೆ.

ಅಮ್ಮ ಆರೋಗ್ಯವಾಗಿದ್ದಾರೆ. ಬೀದಿಯವರೆಲ್ಲ ಬೇಯಿಸಿಕೊಳ್ಳುವ ರೊಟ್ಟಿಯ ಒಲೆಗೆ ಅವರ ಹಿಟ್ಟನ್ನು ತೆಗೆದುಕೊಳ್ಳುತ್ತಿಲ್ಲ, ಅದಕ್ಕೇ ನನ್ನ ರೊಟ್ಟಿಯ ಜೊತೆ ಸೇರಿಸಿ ಬೇಯಿಸಿ ತರುತ್ತೇನೆ. ನಬವಿಯ್ಯಾ ಎರಡು ಸಲ ಅಂಗಡಿಗೆ ಬಂದಿದ್ದಳು, ಅವರಪ್ಪನ ನಿಲುವಂಗಿ ತರಲು. ಸ್ವಲ್ಪ ಹೊತ್ತು ನಿಂತು ಮಾತಾಡಿದಳು. ಏನು ಮಾತಾಡಿದಳು ಅಂತ ನೀನು ಕೇಳುತ್ತೀ. ಕಾಗದದ ಮಾತು, ಪತ್ರಿಕೆಯ ಮಾತು. ಅವಳು ಬುದ್ಧಿವಂತೆ. ಹಳದಿ ತಲೆವಸ್ತ್ರ ಅವಳಿಗೆ ಒಪ್ಪುತ್ತದೆ. ತೀರಾ ಚೆನ್ನಾಗಿ ಬರೆಯಬೇಡ ಅಂದಿದ್ದೆಯಲ್ಲ, ಇಲ್ಲಿಗೆ ನಿಲ್ಲಿಸುತ್ತೇನೆ.

ಮೆತ್ವಲ್ಲಿ


ಕೈರೋ
3 ಜನವರಿ 1952

ಪ್ರಿಯ ಮೆತ್ವಲ್ಲಿ,

ನಿನ್ನ ಕಾಗದ ತಲುಪಿತು. ನೀನು ಹೇಳುವುದೂ ಸರಿ, ಅವಸರ ಬೇಡ. ಪುಸ್ತಕ ಎಲ್ಲಿದೆಯೋ ಅಲ್ಲೇ ಇರಲಿ. ಅವಳ ಹಣೆಯಲ್ಲಿ ಬರೆದದ್ದು ಅವಳಿಗೆ, ನನ್ನ ಹಣೆಯಲ್ಲಿ ಬರೆದದ್ದು ನನಗೆ.

ಒಂದು ಸಹಾಯ. ಅಮ್ಮನ ಹತ್ತಿರ ಇರುವ ಬಳೆಯನ್ನು ನಂಬಿಕಸ್ತರು ಯಾರಾದರೂ ಕೈರೋಗೆ ಬರುತ್ತಿದ್ದರೆ ಕಳಿಸಿಕೊಡು. ಗುಂಡು ಹಾರುವ ಊರಿನಲ್ಲಿ ಚಿನ್ನ ಇಡುವುದು ಒಳ್ಳೆಯದಲ್ಲ. ಆದಷ್ಟು ಬೇಗ, ಹತ್ತನೇ ತಾರೀಖಿನ ಒಳಗೆ ಆದರೆ ಅನುಕೂಲ.

ಶೌಕಿ ಎಫೆಂದಿಯ ಮನೆಯವರೆಲ್ಲ ಸಲಾಮು ಹೇಳಿದ್ದಾರೆ. ಈ ಕಾಗದದ ಹಾಳೆ ಅವರ ಮಗಳು ಇಹ್ಸಾನ್ ಕೊಟ್ಟದ್ದು.

ಬಯೂಮಿ


ಇಸ್ಮಾಯಿಲಿಯಾ
7 ಜನವರಿ 1952

ಬಯೂಮಿಗೆ,

ಬಳೆಯನ್ನು ರೈಲ್ವೆಯ ಗಾರ್ಡ್ ಅಬ್ದುತ್ತವ್ವಾಬನ ಕೈಲಿ ಕಳಿಸಿದ್ದೇನೆ, ಇವತ್ತಿನ ಪತ್ರಿಕೆಯಲ್ಲೇ ಸುತ್ತಿ. ನನಗೆ ಅರ್ಥವಾಯಿತು. ಇನ್ನೂ ಅವಳಿಗಾಗಿ ಜೋಪಾನ ಮಾಡುತ್ತಿದ್ದೀ. ಎಲ್ಲ ಮುರಿದ ಮೇಲೂ ಬಳೆ ಎತ್ತಿಟ್ಟುಕೊಳ್ಳುವ ಮನುಷ್ಯನ ಮೇಲೆ ನನಗೆ ಎಷ್ಟು ಹೊಟ್ಟೆಯುರಿ ಆಗುತ್ತದೆ ಗೊತ್ತೇ? ಬೈದು ಒಂದು ಕಾಗದ ಬರೆದಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ. ನೀನು ‘ಅವಸರ ಬೇಡ’ ಅಂತ ಬರೆದೆ.

ಮೆತ್ವಲ್ಲಿ


ಇಸ್ಮಾಯಿಲಿಯಾ
3 ಫೆಬ್ರವರಿ 1952

ಬಯೂಮಿ,

ಅಮ್ಮ ಕ್ಷೇಮ. ಮೊದಲು ಅದು.

ಇಪ್ಪತ್ತೈದರ ಶುಕ್ರವಾರ ಬೆಳಿಗ್ಗೆ ಇಂಗ್ಲಿಷರು ನಮ್ಮ ಪೊಲೀಸ್ ಠಾಣೆಯನ್ನು ಟ್ಯಾಂಕುಗಳಿಂದ ಸುತ್ತಿದರು. ನಮ್ಮವರು ಬಂದೂಕಿನಲ್ಲೇ ತಡೆದರು. ಎಷ್ಟು ಜನ ಹೋದರು ಅನ್ನುವುದು ನಿನ್ನ ಕೈರೋ ಪತ್ರಿಕೆಗಳಲ್ಲಿ ಓದಿರುತ್ತೀ. ಮರುದಿನ ಕೈರೋವೇ ಹೊತ್ತಿ ಉರಿದದ್ದನ್ನು ನಾವು ಓದಿದೆವು. ನೀನು ಬದುಕಿದ್ದೀ ಅಂತ ಗಾರ್ಡ್ ಹೇಳಿದ.

ಗುಂಡು ಶುರುವಾದಾಗ ಅಮ್ಮ ಬೀದಿಯಲ್ಲಿದ್ದರು. ಮೂರು ಬಾಗಿಲು ತಟ್ಟಿದರಂತೆ. ಆ ಮಾತು ಮೆತ್ತಿದ ಬಾಗಿಲಿನ ಹೆಂಗಸು ಅಂತ ಮೂರೂ ತೆಗೆಯಲಿಲ್ಲ. ನಾಲ್ಕನೆಯದು ನನ್ನದು. ಮೇಜಿಗೂ ಗಂಜಿ ಬಕೆಟ್ಟಿಗೂ ನಡುವೆ ಕೂರಿಸಿದೆ. ಮಧ್ಯಾಹ್ನದವರೆಗೆ ಇಬ್ಬರೂ ಅಲ್ಲೇ. ಒಂದು ಹೊತ್ತಿನಲ್ಲಿ ಅವರು ನನ್ನ ತಲೆ ಸವರಿ ಅಂದರು: “ಈ ಬೀದೀಲಿ ನನ್ನ ಮಗನ್ನ ಆ ಮಾತಲ್ಲಿ ಕರೀದೆ ಇದ್ದೋನು ನೀನೊಬ್ಬನೇ ಕಣಪ್ಪಾ.”

ನಿಜ, ಬಯೂಮಿ. ಒಂದು ಸಲವೂ ಕರೆಯಲಿಲ್ಲ. ಕರೆಯುವ ಕೆಲಸವನ್ನು ಪತ್ರಿಕೆಯೇ ಮಾಡುತ್ತಿತ್ತು, ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಈಗ ಬರೆಯದೆ ಬಿಟ್ಟದ್ದನ್ನೆಲ್ಲ ಬರೆಯುತ್ತೇನೆ. ನೀನು ಬರುವ ಹಿಂದಿನ ದಿನ, ಗುರುವಾರ, ಮೇಲಿನ ಹಲಗೆ ಗುಡಿಸಿ ಎಲ್ಲ ಗಂಟುಗಳಿಗೂ ಹೊಸ ಕಾಗದ ಸುತ್ತಿದೆ. ಕೆಟ್ಟ ಯೋಚನೆಯಿಂದಲ್ಲ, ನೀನು ಸೂಟು ಹಾಕಿಕೊಂಡು ಬರುತ್ತೀ, ನನ್ನ ಅಂಗಡಿ ಕೊಳಕಾಗಿ ಕಾಣಬಾರದು ಅಂತ. ಫರ್ಗಲಿ ತಾರೀಖು ಓದಿದಾಗ ‘ಆ ಕಾಗದ ನಾನು ಬದಲಾಯಿಸಿದ್ದು’ ಅನ್ನಲು ಬಾಯಿ ತೆರೆದೆ. ಅದೇ ಗಳಿಗೆಯಲ್ಲಿ ಆ ಏಳು ನಗು ನೆನಪಾಯಿತು. ಬಾಯಿ ಮುಚ್ಚಿಕೊಂಡೆ. ಆ ಸಂಜೆ ಹಾಜಿಯವರು ಬಂದು ನೇರವಾಗಿ ಕೇಳಿದರು: “ಅವತ್ತು ಅವನು ನಿನ್ನಲ್ಲಿ ಯಾವುದಕ್ಕೆ ಇಸ್ತ್ರಿ ಹಾಕಿದ, ಉಸ್ತಾ?” “ನಾನು ಚಹಾ ತರಲು ಹೋಗಿದ್ದೆ” ಅಂದೆ.

ಡಿಸೆಂಬರಿನಲ್ಲಿ ನಬವಿಯ್ಯಾ ಬಂದಳು ಅಂತ ಬರೆದೆನಲ್ಲ, ಅವಳು ಅಂದದ್ದು ಇದು: “ನಮ್ಮಪ್ಪನ ನಿಲುವಂಗಿ ಎರಡು ವಾರ ನಿಮ್ಮ ಹಲಗೆ ಮೇಲೆ ಮರೆತರೂ ನಿನ್ನೆ ಮೊನ್ನೆಯ ಪತ್ರಿಕೇಲಿ ಸುತ್ಕೊಂಡು ಬರುತ್ತೆ. ಅಂಗಿಗಳಿಗೂ ಹಾಗೇ ಸುತ್ತಿದ್ದೀರಿ. ಅಲ್ವಾ, ಉಸ್ತಾ?” ನಾನು ಇದ್ದಿಲು ಕೆದಕಿದೆ. “ನಾನು ಹೇಳಿದ್ರೆ ಗಂಡನಾಗೋನಿಗೋಸ್ಕರ ಸುಳ್ಳು ಹೇಳ್ತಾಳೆ ಅಂತಾರೆ. ಹೇಳಬೇಕಾದೋರು ನೀವು. ಕಾಯ್ತೀನಿ” ಅಂದಳು. ಅವಳು ನನಗಾಗಿ ಕಾಯುತ್ತಿದ್ದಾಳೆ ಅಂತ ನಾನು ಆರು ವಾರ ಖುಷಿಯಲ್ಲಿದ್ದೆ. ಎಂಥ ಕಾಯುವಿಕೆ ಅದು ಅಂತ ನೋಡು.

ಮಂಗಳವಾರ ಪುಸ್ತಕ ಹಿಡಿದು ಕಾಫಿ ಅಂಗಡಿಗೆ ಹೋದೆ. ನಿಂತುಕೊಂಡೇ ಓದಿದೆ: “ಅಕ್ಟೋಬರ್ 5, ಶುಕ್ರವಾರ. ಖಾಕಿ ಅಂಗಿ ಐದು. ಬಯೂಮಿ. ಮೇಲಿನ ಹಲಗೆ. ನವೆಂಬರ್ 22, ಗುರುವಾರ. ಮೇಲಿನ ಹಲಗೆಗೆಲ್ಲ ಹೊಸ ಕಾಗದ.”

ಫರ್ಗಲಿ ಪುಸ್ತಕ ಕಿತ್ತುಕೊಂಡು ತಾನೇ ಓದಿದ. ಎರಡು ಸಲ. “ಇದನ್ನ ಅವತ್ತೇ ಯಾಕೆ ಬೊಗಳ್ಲಿಲ್ಲ?”

“ನೀವು ಕೇಳಲಿಲ್ಲ.”

“ಅವರು ಕೇಳಲಿಲ್ಲ, ಹೋಗ್ಲಿ,” ಎಂದು ಮೂಲೆಯಿಂದ ಹಾಜಿಯವರು ಎದ್ದರು. “ನಾನು ಕೇಳಿದ್ದೆನಲ್ಲೋ. ಚಹಾ ತರೋಕೆ ಹೋಗಿದ್ದೆ ಅಂದೆ. ಎರಡು ತಿಂಗಳಾಯ್ತು, ಇನ್ನೂ ಬರ್ಲಿಲ್ವಲ್ಲ ಆ ಚಹಾ.”

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

“ಯಾಕೆ ಮಾಡಿದೆ?” ಅಂದ ಫರ್ಗಲಿ.

“ಅವನಿಗೆ ಹಾರ ಹಾಕಿದಿರಿ, ಹುಡುಗಿ ಕೊಟ್ಟಿರಿ. ನನಗೆ ಚಪ್ಪಾಳೆ ತಟ್ಟು ಅಂದಿರಿ,” ಅಂದೆ. ಮನಸ್ಸಿನಲ್ಲಿದ್ದಾಗ ದೊಡ್ಡದಾಗಿ ಕಾಣುತ್ತಿದ್ದ ಮಾತು. ಹೊರಗೆ ಬಂದ ಮೇಲೆ ಒಂದು ಗುಂಡಿಯಷ್ಟೇ ಇತ್ತು.

ಫರ್ಗಲಿ ಸೀಮೆಎಣ್ಣೆ, ಚಿಂದಿ ಹಿಡಿದು ಅಮ್ಮನ ಬಾಗಿಲನ್ನು ತಾನೇ ಉಜ್ಜಿದ. ಕಂದು ಕಲೆ ಉಳಿದಿದೆ, ಓದಲು ಬರುವುದಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಡಾಂಬರಿನಲ್ಲಿ ಅದೇ ಮಾತನ್ನು ನನ್ನ ಅಂಗಡಿಯ ಬಾಗಿಲಿಗೆ ಬರೆದ. “ನಾನು ದೇಶಕ್ಕೆ ಏನು ಮಾಡಿದೆನಯ್ಯಾ?” ಅಂದೆ. “ಮಾಡ್ದೋನ ಹೆಸರು ಕೆಡಿಸ್ದೆ. ಇದಕ್ಕೆ ನನ್ ಹತ್ರ ಬೇರೆ ಮಾತಿಲ್ಲ,” ಅಂದ. ನಾನು ವಾದಿಸಲಿಲ್ಲ. ಈ ಬೀದಿಯಲ್ಲಿ ಆ ಮಾತು ಎಷ್ಟೋ ಬಾಗಿಲುಗಳಿಗೆ ಬಿದ್ದದ್ದನ್ನು ನೋಡಿದ್ದೇನೆ. ತಕ್ಕ ಬಾಗಿಲಿಗೆ ಬಿದ್ದದ್ದು ಇದೇ ಮೊದಲು.

ನಿನ್ನ ಹೆಸರು ಶುದ್ಧವಾಗಿದೆ. ಬಳೆ ತಗೊಂಡು ಬಾ. ಅವಳು ಹಳದಿ ತಲೆವಸ್ತ್ರ ಹಾಕಿಕೊಂಡಾಗ ನಾನು ಇದ್ದಿಲ ಕಡೆ ನೋಡುತ್ತೇನೆ.

ಮೆತ್ವಲ್ಲಿ


ಕೈರೋ
12 ಫೆಬ್ರವರಿ 1952

ಮೆತ್ವಲ್ಲಿ,

ನಿನ್ನ ಕಾಗದವನ್ನು ಮೂರು ಸಲ ಓದಿ, ಮೂರು ಸಲ ಹರಿಯಲು ಹೋದೆ.

ನಾನು ಜನವರಿ ಹತ್ತರಂದು ಶೌಕಿ ಎಫೆಂದಿಯ ಮಗಳು ಇಹ್ಸಾನಳನ್ನು ಮದುವೆಯಾದೆ. ಬಳೆ ಅವಳ ಕೈಯಲ್ಲಿದೆ.

ಸೂಟು ಹಾಕಿಕೊಂಡು ಊರಿಗೆ ಬಂದ ಶುಕ್ರವಾರದ ಹೊತ್ತಿಗಾಗಲೇ ಈ ಮಾತು ನಡೆದಿತ್ತು. ಶೌಕಿ ಎಫೆಂದಿ ನನಗೆ ಒಂದು ಫೈಲು, ಹಿಂದೆ ಬೆನ್ನಿರುವ ಒಂದು ಕುರ್ಚಿ ಕೊಡಿಸುತ್ತೇನೆ ಅಂದಿದ್ದರು. ಹಾಜಿಯವರಿಗೆ ಹೇಗೆ ಹೇಳುವುದು ಅಂತ ಎರಡು ತಾಸು ಒಳಗೆ ಕೂತು ಒದ್ದಾಡಿದೆ. ಅವಳು ನಕ್ಕದ್ದು ನಾನು ಮಿಠಾಯಿ ಡಬ್ಬಿಯನ್ನು ತಲೆಕೆಳಗೆ ತೆರೆದದ್ದಕ್ಕೆ, ಬೇರೆ ಯಾವುದಕ್ಕೂ ಅಲ್ಲ. ಆಮೇಲೆ ನಿನ್ನ ಕಾಗದ ಬಂತು. ನಾಲ್ಕು ದಿನ ಕೋಪ ಬಂದದ್ದು ನಿಜ. ಐದನೆಯ ದಿನ ಹೊಳೆಯಿತು: ನಾನು ಮುರಿಯಬೇಕಾಗಿದ್ದನ್ನು ಅವರೇ ಮುರಿದರು. ನಾನು ಮಾತಿಗೆ ತಪ್ಪಿದವನಲ್ಲ, ಅನ್ಯಾಯಕ್ಕೆ ಸಿಕ್ಕವನು. ಇಲ್ಲಿ ನೆಂಟರ ಮುಂದೆ ಹಾಗೇ ಹೇಳಿದೆ. ಎಲ್ಲರೂ ಮರುಗಿದರು. ಕಾಗದ ಬದಲಾಯಿಸಿದ್ದು ಯಾರು ಅಂತ ಆಮೇಲೆ ನಾನು ಕೇಳಲೇ ಇಲ್ಲ, ಗಮನಿಸಿದೆಯಾ? ನೀನು ಎಲ್ಲಿ ಪುಸ್ತಕ ತೋರಿಸಿಬಿಡುತ್ತೀಯೋ ಅಂತ ಭಯವಿತ್ತು.

ಅಮ್ಮನ ಬಾಗಿಲಿನ ಬಗ್ಗೆ ಯೋಚಿಸಲಿಲ್ಲ. ಅದನ್ನು ನೀನು ಯೋಚಿಸಿದೆ. ಅದಕ್ಕಾಗಿ ನಿನ್ನ ಮೇಲೆ ನನಗೆ ಈಗ ಹೊಟ್ಟೆಯುರಿ.

ನಬವಿಯ್ಯಾಳಿಗೆ ನೀನೇ ಹೇಳು.

ಬಯೂಮಿ


ಇಸ್ಮಾಯಿಲಿಯಾ
20 ಫೆಬ್ರವರಿ 1952

ಬಯೂಮಿಗೆ,

ಹೇಳಲಿಲ್ಲ, ನಿನ್ನ ಕಾಗದವನ್ನೇ ಕೈಗೆ ಕೊಟ್ಟೆ. ಬೀದಿಯಲ್ಲಿ ಓದಲು ಬರುವ ಹೆಂಗಸು ಅವಳೊಬ್ಬಳೇ. ಮೂರು ವಾರದಿಂದ ನನ್ನ ಅಂಗಡಿಗೆ ಬಂದ ಗಿರಾಕಿಯೂ ಅವಳೊಬ್ಬಳೇ, ಅದೇ ನಿಲುವಂಗಿ ಹಿಡಿದುಕೊಂಡು. ಮೊದಲು ಬಾಗಿಲಿನ ಡಾಂಬರು ನೋಡಿ, “ಫರ್ಗಲಿಯಣ್ಣನ ಅಕ್ಷರ ಸುಧಾರಿಸಿದೆ” ಅಂದಳು. ಆಮೇಲೆ ಕಾಗದ ಓದಿದಳು. ಮಿಠಾಯಿ ಡಬ್ಬಿಯ ಸಾಲು ಬಂದಾಗ ಮತ್ತೆ ನಕ್ಕಳು. ಆಮೇಲೆ ತಲೆವಸ್ತ್ರದ ಅಂಚಿನಿಂದ ಒಂದು ಕಣ್ಣು ಒರೆಸಿಕೊಂಡಳು, ಒಂದೇ.

“ಒಬ್ಬ ಬಾಯಿ ಮುಚ್ಕೊಂಡ, ಇನ್ನೊಬ್ಬ ಕೇಳೋದನ್ನೇ ಬಿಟ್ಟ. ನನ್ನನ್ನ ಮಾತ್ರ ಇಬ್ಬರೂ ಏನೂ ಕೇಳ್ಲಿಲ್ಲ,” ಅಂದಳು.

ನಾನು ಬಾಯಿ ತೆರೆದೆ. “ನಬವಿಯ್ಯಾ, ಈಗ...”

“ಈಗ ನಿಲುವಂಗಿಗೆ ಇಸ್ತ್ರಿ ಹಾಕಿ, ಉಸ್ತಾ. ಸುತ್ತೋದು ಇವತ್ತಿನ ಪತ್ರಿಕೇಲಿ. ನನ್ನ ಎದುರಿಗೇ ಸುತ್ತಿ.”

ಸುತ್ತಿದೆ. ತಾರೀಖು ಮೇಲೆ ಬರುವ ಹಾಗೆ.

ಇನ್ನು ಪುಸ್ತಕ ಮುಚ್ಚುವ ಮೊದಲು ಯಾರಿಗೆ ಏನು ಬಂತು ಅನ್ನುವುದನ್ನು ಬರೆದುಬಿಡುತ್ತೇನೆ. ನಿನಗೆ ಬೆನ್ನಿರುವ ಕುರ್ಚಿ, ಒಂದು ಫೈಲು, ಮತ್ತು ಈ ಊರಿನಲ್ಲಿ ಶುದ್ಧವಾದ ಹೆಸರು. ಅದನ್ನು ಉಪಯೋಗಿಸಲು ನೀನು ಬರುವುದಿಲ್ಲ. ಇಹ್ಸಾನಳಿಗೆ ಬಳೆ. ನಿಮ್ಮ ಅಮ್ಮನಿಗೆ ಒಂದು ಕಂದು ಕಲೆ, ಒಲೆಯಲ್ಲಿ ಮತ್ತೆ ಜಾಗ. ಆದರೂ ರೊಟ್ಟಿಯನ್ನು ನನ್ನ ಕೈಲೇ ತರಿಸಿಕೊಳ್ಳುತ್ತಾರೆ, ಯಾಕೆ ಅಂತ ಕೇಳಲು ನನಗೆ ಧೈರ್ಯವಿಲ್ಲ. ಹಾಜಿಯವರಿಗೆ ಮಗಳು, ಈಗ ಹಂಡೆಯ ಹತ್ತಿರ ಸೌಟು ಹಿಡಿದು ಕೂರುವವಳು ಅವಳೇ, ಸಾಲು ಎರಡರಷ್ಟಾಗಿದೆ. ನಬವಿಯ್ಯಾಳಿಗೆ ಸೌಟು. ಫರ್ಗಲಿಗೆ ಖಾಲಿಯಾದ ಡಾಂಬರು ಡಬ್ಬಿ, ಹೊಸದನ್ನು ಇನ್ನೂ ತಂದಿಲ್ಲ.

ನನಗೆ ಬಾಗಿಲ ಮೇಲೆ ಒಂದು ಮಾತು, ವಾರಕ್ಕೊಂದು ನಿಲುವಂಗಿ, ಮೇಲಿನ ಹಲಗೆಯಲ್ಲಿ ಸಮಿತಿ ವಾಪಸು ಕೊಟ್ಟ ಐದು ಖಾಕಿ ಅಂಗಿ. ನಿನ್ನೆ ಧೂಳು ಕೂತಿತ್ತು, ಹೊಸ ಪತ್ರಿಕೆ ಸುತ್ತಿದೆ. ಮೇಲೆ ಪೆನ್ಸಿಲಿನಲ್ಲಿ ‘ಅಕ್ಟೋಬರ್ 5’ ಎಂದು ಬರೆದಿಟ್ಟಿದ್ದೇನೆ.

ಮೆತ್ವಲ್ಲಿ